ಸೊಪ್ಪು ಕಿತ್ತು ಹಾಕ್ಲಾ ಅಂದ್ರೆ ಬೇಡ ಅನ್ನಿ: ಬಿಸಾಡುವ ತರಕಾರಿ ಎಲೆ ಬಳಸುವ ಬಗೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮೂಲಂಗಿ ಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. "ಸೊಪ್ಪು ಕಿತ್ತು ಹಾಕ್ಲಾ ಅಕ್ಕಾ?" ಅಂತ ಕೇಳೋದು ಬರೀ ಮಾತಿಗೆ. ನೀವು ಹೂಂ ಅನ್ನುವಷ್ಟರಲ್ಲಿ ಕೈಯಲ್ಲಿ ಒಂದು ತಿರುವು, ಕಟಕ್, ಸೊಪ್ಪು ಕಾಲ ಬಳಿಯ ಕುಕ್ಕೆಗೆ. ಸಂಜೆ ಹೊತ್ತಿಗೆ ಆ ಕುಕ್ಕೆ ಯಾರದೋ ಹಸುವಿನ ಮುಂದಿರುತ್ತದೆ. ಹಸು ತಿನ್ನಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಮಾರ್ಕೆಟ್ಟಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ದಂಟಿನ ಸೊಪ್ಪು, ಪಾಲಕ್ ಅಂತ ದುಡ್ಡು ಕೊಟ್ಟು ಬೇರೆ ಸೊಪ್ಪು ಕೊಳ್ಳುತ್ತೇವಲ್ಲ, ಅದು ನೋಡಿದರೆ ನಗು ಬರುತ್ತದೆ.

ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು. ನಮ್ಮತ್ತೆ ಬೇಲೂರು ಕಡೆಯವರು. ಅವರು ಒಂದು ಸಲ ಮನೆಗೆ ಬಂದಾಗ ಕಸದ ಬುಟ್ಟಿಯಲ್ಲಿ ನವಿಲುಕೋಸಿನ ಎಲೆ ನೋಡಿ, "ಇದೇನಮ್ಮ, ಸೊಪ್ಪು ಬಿಸಾಕಿ ಗೆಡ್ಡೆ ತಿಂತೀರಾ?" ಅಂದರು. ಅವತ್ತು ರಾತ್ರಿ ಅದೇ ಎಲೆ ಸಾರಾಯಿತು. ಬುಟ್ಟಿಯಿಂದಲೇ ಎತ್ತಿದ್ದರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಈ ಎಲೆಗಳಲ್ಲಿ ಏನಿದೆ ಅಂತ ಓದುತ್ತಾ ಹೋದೆ. ಓದಿದ್ದು, ಕೆಡಿಸಿದ್ದು, ಸರಿ ಮಾಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ನನಗೆ ಗೊತ್ತಾದ ಮುಖ್ಯ ವಿಷಯ ಒಂದೇ: ಪ್ರತಿ ಎಲೆಗೂ ಒಂದು ಬಳಗ ಇರುತ್ತದೆ. ಆ ಬಳಗ ಯಾವುದು ಅಂತ ಗೊತ್ತಾದರೆ ಎಲೆಯಲ್ಲಿ ಏನಿದೆ, ಹೇಗೆ ಬೇಯಿಸಬೇಕು, ಯಾರು ತಿನ್ನಬಾರದು ಅನ್ನೋದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ಹೆಜ್ಜೆ 1: ಮೊದಲು ಬಳಗ ನೋಡಿ

ಮೂಲಂಗಿ, ನವಿಲುಕೋಸು, ಹೂಕೋಸು, ಎಲೆಕೋಸು, ಇವೆಲ್ಲ ಸಾಸಿವೆ ಬಳಗ. ಇವುಗಳ ಎಲೆ ಜಗಿದರೆ ಮೂಗಿಗೆ ಸಣ್ಣಗೆ ಖಾರ ಹತ್ತುತ್ತದೆ. ಆ ಖಾರವೇ ಇವುಗಳ ಆಸ್ತಿ, ಅದರ ಕಥೆ ಮುಂದೆ ಹೇಳುತ್ತೇನೆ. ಈ ಬಳಗದ ಎಲೆ ಎಲ್ಲವನ್ನೂ ಧೈರ್ಯವಾಗಿ ತಿನ್ನಬಹುದು.

ಬೀಟ್‌ರೂಟ್ ದಂಟು, ಪಾಲಕ್, ಚಕ್ಕೋತ ಸೊಪ್ಪಿನ ಬಳಗ. ಎಲೆ ಬೆಂದರೆ ಥೇಟ್ ಪಾಲಕ್ ಥರ ಮೆತ್ತಗಾಗುತ್ತದೆ. ಪಾಲಕ್‌ನಲ್ಲಿರುವ ಒಳ್ಳೆಯದೂ ಇದೆ, ತಕರಾರೂ ಇದೆ.

ಕ್ಯಾರೆಟ್ ಕೊತ್ತಂಬರಿ ಬಳಗ. ಎಲೆ ನೋಡಿದರೇ ಗೊತ್ತಾಗುತ್ತದೆ. ಅದು ವಿಷ ಅಂತ ಯಾರೋ ಹೇಳಿರುತ್ತಾರೆ, ಅದು ಸುಳ್ಳು. ಕಹಿ ಇದೆ ಅಷ್ಟೆ. ಆದರೆ ಗದ್ದೆ ಬದುವಿನಲ್ಲಿ ತಾನಾಗಿ ಬೆಳೆದ ಕ್ಯಾರೆಟ್ ಎಲೆ ಥರದ್ದನ್ನು ಕಿತ್ತು ತರಬೇಡಿ. ಆ ಬಳಗದಲ್ಲಿ ವಿಷದ ಗಿಡಗಳೂ ಇವೆ. ಗೆಡ್ಡೆ ಕಣ್ಣಿಗೆ ಕಂಡ ಮೇಲೆ ಎಲೆ ತಿನ್ನಿ.

ಗೆಣಸಿನ ಎಲೆ, ಕುಂಬಳದ ಕುಡಿ ಎರಡೂ ತಿನ್ನುವಂಥವು. ಕುಂಬಳದ ಕುಡಿ ಪಲ್ಯ ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗೆಣಸಿನ ಎಲೆ ಮಾತ್ರ ನಮ್ಮ ಕಡೆ ಹೆಚ್ಚು ಜನ ತಿನ್ನುವುದಿಲ್ಲ, ಯಾಕೋ ಗೊತ್ತಿಲ್ಲ.

ಈಗ ತಿನ್ನಲೇಬಾರದ್ದು. ಹಾಸನ ಅಂದರೆ ಆಲೂಗಡ್ಡೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಆಲೂಗಡ್ಡೆ ಗಿಡದ ಎಲೆ ತಿನ್ನಬಾರದು. ಹೊಲದಲ್ಲಿ ಎಷ್ಟೇ ಹಸಿರಾಗಿ ಕಂಡರೂ ಬೇಡ. ಅದರಲ್ಲಿ ಸೊಲನೈನ್, ಚಾಕೊನೈನ್ ಅನ್ನುವ ಎರಡು ವಿಷ ಇವೆ. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆಯಲ್ಲಿ, ಮೊಳಕೆಯಲ್ಲಿ ಇರೋದೂ ಇವೇ. ಕುದಿಸಿದರೂ ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಜಾಸ್ತಿಯಾದರೆ ನರಕ್ಕೂ ತೊಂದರೆ. ಟೊಮ್ಯಾಟೊ, ಬದನೆ ಎಲೆಯೂ ಅದೇ ಬಳಗ, ಅವನ್ನೂ ಬಿಡಿ. ಗಣಿಕೆ ಸೊಪ್ಪು ಅದೇ ಬಳಗದ್ದಲ್ವಾ, ಅದನ್ನು ತಿನ್ನುತ್ತೇವಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ತಿನ್ನುತ್ತೇವೆ. ತಲೆತಲಾಂತರದಿಂದ ಯಾವ ಗಿಡ, ಎಷ್ಟು ಎಳೆಯದು, ಎಷ್ಟು ಬೇಯಿಸಬೇಕು ಅಂತ ತಿಳಿದು ತಿಂದ ಸೊಪ್ಪು ಅದು. ಆ ಒಂದು ಸೊಪ್ಪಿನ ಧೈರ್ಯದಲ್ಲಿ ಅದರ ನೆಂಟರನ್ನೆಲ್ಲ ಪಾತ್ರೆಗೆ ಹಾಕಬೇಡಿ.

ಹೆಜ್ಜೆ 2: ಕೊಳ್ಳುವಾಗ ಎಲೆ ನೋಡಿ ಕೊಳ್ಳಿ

ಸಾಮಾನ್ಯವಾಗಿ ನಾವು ಗೆಡ್ಡೆ ನೋಡುತ್ತೇವೆ, ಹೂವು ನೋಡುತ್ತೇವೆ. ಇನ್ನು ಮೇಲೆ ಎಲೆಯನ್ನೂ ನೋಡಿ. ಹಳದಿ ತಿರುಗಿರಬಾರದು, ಲೋಳೆ ಇರಬಾರದು, ದಂಟು ಮುರಿದರೆ ಚಟ್ ಅನ್ನಬೇಕು. ಎಲೆಯಲ್ಲಿ ಒಂದೆರಡು ತೂತು ಇದ್ದರೆ ಪರವಾಗಿಲ್ಲ, ನನಗಂತೂ ತೂತಿಲ್ಲದ ಹೂಕೋಸಿನ ಎಲೆ ನೋಡಿದರೇ ಅನುಮಾನ.

ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಬಾಡಿರುತ್ತದೆ, ಬಾಡಿದ ಎಲೆಯಲ್ಲಿ ಸಿ ವಿಟಮಿನ್ ಬೇಗ ಕಡಿಮೆಯಾಗುತ್ತಾ ಹೋಗುತ್ತದೆ. ಹಳ್ಳಿಯಿಂದ ತಾವೇ ಬೆಳೆದು ತಂದು ಕೂರುವ ಅಮ್ಮಂದಿರ ಹತ್ತಿರ ಕೊಂಡರೆ ಇನ್ನೊಂದು ಅನುಕೂಲ, ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳಬಹುದು. ಕೇಳಿ, ನಾಚಿಕೆ ಬೇಡ. ಪ್ರತಿ ಕೀಟನಾಶಕಕ್ಕೂ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೆಕ್ಕ ಇದೆ, ಬಾಟಲಿಯ ಜೊತೆಯ ಚೀಟಿಯಲ್ಲಿ ಬರೆದಿರುತ್ತದೆ. ಬೆಳೆದವರಿಗೆ ಅದು ಗೊತ್ತಿರುತ್ತದೆ. ನಾನು ಕೊಳ್ಳುವ ಒಬ್ಬ ಅಮ್ಮ, "ಈ ವಾರದ ಹೂಕೋಸಿನ ಎಲೆ ಬೇಡ ಮಗಾ, ಮುಂದಿನ ವಾರ ಕೊಡ್ತೀನಿ" ಅಂತ ತಾವಾಗಿಯೇ ಹೇಳಿದ್ದುಂಟು. ಅಂಥವರನ್ನು ಬಿಡಬೇಡಿ.

ಮನೆಗೆ ಬಂದ ತಕ್ಷಣ ಗೆಡ್ಡೆಯಿಂದ ಎಲೆ ಬೇರೆ ಮಾಡಿ. ಹಾಗೇ ಬಿಟ್ಟರೆ ಎಲೆ ಗೆಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಎರಡೇ ದಿನಕ್ಕೆ ಮೂಲಂಗಿ ಒಳಗೆ ಬೆಂಡಾಗುತ್ತದೆ. ಎಲೆಯನ್ನು ತೊಳೆಯದೆ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಎರಡು ದಿನದೊಳಗೆ ಬಳಸಿ.

ಹೆಜ್ಜೆ 3: ತೊಳೆಯೋದು (ಇದರಲ್ಲೇ ನಾನು ಎಡವಿದ್ದು)

ಮೊದಲ ಸಲ ನಾನು ಮೂಲಂಗಿ ಸೊಪ್ಪಿನ ಬಸ್ಸಾರು ಮಾಡಿದಾಗ ನಲ್ಲಿ ಕೆಳಗೆ ಒಂದು ಸಲ ಹಿಡಿದು ಹೆಚ್ಚಿಬಿಟ್ಟಿದ್ದೆ. ಮನೆಯವರು ಒಂದು ತುತ್ತು ಮುದ್ದೆ ನುಂಗಿದರು, ಎರಡನೇ ತುತ್ತಿಗೆ ಹಲ್ಲಿನಲ್ಲಿ ಕರಕ್ ಅಂತ ಮರಳು. ಏನೂ ಮಾತಾಡದೆ ಮೊಸರನ್ನಕ್ಕೆ ಹೋದರು. ಬೈದಿದ್ದರೇ ವಾಸಿಯಿತ್ತು.

ಮೂಲಂಗಿ ಎಲೆಯ ಮೈಮೇಲೆ ಸಣ್ಣ ಮುಳ್ಳಿನಂಥ ರೋಮ ಇರುತ್ತದೆ, ಮಣ್ಣು ಅದರಲ್ಲಿ ಅಂಟಿ ಕೂತಿರುತ್ತದೆ. ಹಾಗಾಗಿ ದೊಡ್ಡ ಪಾತ್ರೆ ತುಂಬ ನೀರು ತೆಗೆದುಕೊಂಡು ಎಲೆ ಮುಳುಗಿಸಿ, ಕೈಯಲ್ಲಿ ಚೆನ್ನಾಗಿ ಅಲುಗಾಡಿಸಿ, ಎರಡು ನಿಮಿಷ ಬಿಡಿ. ಆಮೇಲೆ ಎಲೆಯನ್ನು ಮೇಲೆತ್ತಿ. ನೀರನ್ನು ಎಲೆ ಸಮೇತ ಬಗ್ಗಿಸಬೇಡಿ, ಬಗ್ಗಿಸಿದರೆ ತಳದ ಮರಳು ತಿರುಗಿ ಎಲೆ ಮೇಲೇ ಕೂರುತ್ತದೆ. ಹೀಗೆ ಮೂರು ಸಲ. ಮೂರನೇ ನೀರಿನ ತಳ ಬೆರಳಲ್ಲಿ ಮುಟ್ಟಿ ನೋಡಿ, ನುಣ್ಣಗಿದ್ದರೆ ಆಯಿತು.

ಔಷಧಿ ಅಂಶ ಹೋಗಬೇಕಲ್ಲ? ಅದಕ್ಕೆ ಅಡುಗೆ ಸೋಡಾ ಒಂದು ದಾರಿ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. 100 ಪಾಲು ನೀರಿಗೆ 1 ಪಾಲು ಸೋಡಾ ಬೆರೆಸಿ 12ರಿಂದ 15 ನಿಮಿಷ ನೆನೆಸಿದರೆ, ಅವರು ನೋಡಿದ ಎರಡು ಔಷಧಿಗಳು ಸಿಪ್ಪೆಯ ಮೇಲ್ಮೈಯಿಂದ ಹೋಗಿದ್ದವು. ಒಳಗೆ ಇಳಿದದ್ದು ಮಾತ್ರ ಹೋಗಿರಲಿಲ್ಲ. ಎಲೆಗೂ ಇದೇ ಅಳತೆ ನಾನು ಬಳಸುತ್ತೇನೆ, ಲೀಟರ್ ನೀರಿಗೆ ಎರಡು ಸಣ್ಣ ಚಮಚ. ಆದರೆ ಗಿಡದ ರಸದಲ್ಲೇ ಹರಡುವಂಥ ಔಷಧಿಯನ್ನು ಯಾವ ನೀರೂ ತೆಗೆಯುವುದಿಲ್ಲ, ಅದಕ್ಕೇ ಕೊಳ್ಳುವಾಗಿನ ಆ ಪ್ರಶ್ನೆ ಈ ಸೋಡಾಕ್ಕಿಂತ ದೊಡ್ಡದು. ಹೂಕೋಸು, ಎಲೆಕೋಸಿನ ತೀರಾ ಹೊರಗಿನ ಒಂದೆರಡು ಎಲೆ ತೆಗೆದುಬಿಡಿ, ಅದಕ್ಕೆ ನೇರ ಸಿಂಪಡಣೆ ಬಿದ್ದಿರುತ್ತದೆ. ಅದರ ಒಳಗಿನ ಹಸಿರೆಲೆಗಳನ್ನು ಇಟ್ಟುಕೊಳ್ಳಿ.

ಹೆಜ್ಜೆ 4: ಎಲೆಯೊಳಗೆ ಏನಿದೆ ಅಂತ ಸ್ವಲ್ಪ ತಿಳಿದುಕೊಳ್ಳಿ

ಇದು ಪಾಠ ಅಂತ ಅಂದುಕೊಂಡು ಹಾರಿಸಬೇಡಿ, ಒಲೆ ಮುಂದೆ ಇದೇ ಕೆಲಸಕ್ಕೆ ಬರೋದು.

ಎಲೆ ಗಿಡದ ಅಡುಗೆಮನೆ. ಬಿಸಿಲು ಬೀಳೋದು ಅದರ ಮೇಲೆ, ಹುಳ ಬಂದು ಕೂರೋದೂ ಅದರ ಮೇಲೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ಗಿಡ ಕೆಲವು ಬಣ್ಣದ ವಸ್ತುಗಳನ್ನು ಮಾಡಿಕೊಳ್ಳುತ್ತದೆ, ಹುಳ ಓಡಿಸಲು ಖಾರದ, ಕಹಿಯ ವಸ್ತುಗಳನ್ನು. ನಮಗೆ ಒಳ್ಳೆಯದು ಅಂತ ಹೇಳುವ ಅಂಶಗಳು ಬಹುಪಾಲು ಇವೇ. ಎಲೆಕೋಸನ್ನೇ ನೋಡಿ, ಹೊರಗಿನ ಕಡು ಹಸಿರು ಎಲೆಯಲ್ಲಿ ಇವು ಜಾಸ್ತಿ, ಬಿಸಿಲೇ ಕಾಣದ ಒಳಗಿನ ಬಿಳಿ ಎಲೆಯಲ್ಲಿ ಕಡಿಮೆ. ನಾವು ಹಸಿರು ಬಿಸಾಕಿ ಬಿಳಿ ಹೆಚ್ಚುತ್ತೇವೆ.

ಗೆಡ್ಡೆಗೂ ಎಲೆಗೂ ಎಷ್ಟು ವ್ಯತ್ಯಾಸ ಅನ್ನೋದಕ್ಕೆ ಬೀಟ್‌ರೂಟ್ ಒಂದೇ ಸಾಕು. 100 ಗ್ರಾಂ ಹಸಿ ಗೆಡ್ಡೆಯಲ್ಲಿ ಸಿ ವಿಟಮಿನ್ ಸುಮಾರು 5 ಮಿಲಿಗ್ರಾಂ, ಎಲೆಯಲ್ಲಿ ಸುಮಾರು 30. ಪೊಟ್ಯಾಸಿಯಂ ಎರಡು ಪಟ್ಟಿಗಿಂತ ಜಾಸ್ತಿ. ಕೆ ವಿಟಮಿನ್ ಗೆಡ್ಡೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಎಲೆಯಲ್ಲಿ ಸುಮಾರು 400 ಮೈಕ್ರೊಗ್ರಾಂ. ಕಣ್ಣಿನ ಹಿಂದಿನ ಪರದೆಯಲ್ಲಿ ಇರುವ ಲ್ಯೂಟಿನ್ ಅನ್ನುವ ಹಳದಿ ಬಣ್ಣವೂ ಎಲೆಯಲ್ಲೇ. ದಂಟಿನ ಕೆಂಪು ಮಾತ್ರ ಗೆಡ್ಡೆಯ ಕೆಂಪೇ, ಬೀಟಾಲೇನ್ ಅಂತ ಅದರ ಹೆಸರು.

ಇನ್ನು ಸಾಸಿವೆ ಬಳಗದ ಖಾರದ ಕಥೆ. ಈ ಎಲೆಗಳಲ್ಲಿ ಗ್ಲುಕೋಸಿನೊಲೇಟ್ ಅನ್ನುವ ವಸ್ತು ಇರುತ್ತದೆ. ಅದು ಹಾಗೇ ಇದ್ದರೆ ಖಾರ ಇಲ್ಲ. ಪಕ್ಕದಲ್ಲೇ, ಬೇರೆ ಕಡೆ ಬಚ್ಚಿಟ್ಟ ಹಾಗೆ, ಮೈರೊಸಿನೇಸ್ ಅನ್ನುವ ಕಿಣ್ವ ಇರುತ್ತದೆ. ಹುಳ ಕಚ್ಚಿದಾಗ, ಅಥವಾ ನೀವು ಚಾಕು ಹಾಕಿದಾಗ, ಎರಡೂ ಸೇರಿ ಆ ಖಾರ ಹುಟ್ಟುತ್ತದೆ. ಬಂದೂಕು ಒಂದು ಕಡೆ, ಮದ್ದು ಒಂದು ಕಡೆ ಇಟ್ಟ ಹಾಗೆ. ಹಾಗೆ ಹುಟ್ಟುವ ವಸ್ತುಗಳಲ್ಲಿ ಹೆಸರು ಮಾಡಿದ್ದು ಸಲ್ಫೊರಾಫೇನ್. ನಮ್ಮ ಮೈಯ ಜೀವಕೋಶಗಳು ಹಾನಿಕರ ವಸ್ತುಗಳನ್ನು ಹೊರಹಾಕಲು ಬಳಸುವ ಕಿಣ್ವಗಳನ್ನು ಅದು ಚುರುಕು ಮಾಡುತ್ತದೆ ಅಂತ 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದೇ ಬಳಗದ ಬ್ರೊಕೊಲಿಯಿಂದ ಬೇರ್ಪಡಿಸಿ ತೋರಿಸಿದರು. ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಅಲ್ಲ. ಆ ಥರ ಮೆಸೇಜು ಬಂದರೆ ಅಳಿಸಿಹಾಕಿ.

ಒಂದು ತಮಾಷೆ ಗೊತ್ತಾ? ಎಲೆಕೋಸು, ಹೂಕೋಸಿಗೆ ನಮ್ಮ ರೈತರು ಅಷ್ಟೊಂದು ಔಷಧಿ ಹೊಡೆಯೋದು ವಜ್ರಬೆನ್ನಿನ ಪತಂಗ ಅನ್ನುವ ಒಂದು ಸಣ್ಣ ಚಿಟ್ಟೆಯ ಹುಳುವಿಗೆ. ಆ ಹುಳುವಿನ ಕರುಳಿನಲ್ಲಿ ಎಲೆಯ ಈ ಖಾರದ ಮದ್ದನ್ನು ನಿಷ್ಕ್ರಿಯ ಮಾಡುವ ಕಿಣ್ವವೇ ಇದೆ. ಎಲ್ಲ ಹುಳ ಓಡಿಸಲು ಮಾಡಿದ ಖಾರ ಅದಕ್ಕೆ ಊಟಕ್ಕೆ ಬನ್ನಿ ಅಂತ ಕರೆದ ಹಾಗೆ.

ಒಲೆ ಹಚ್ಚುವ ಮುಂಚೆ ನೆನಪಿಡಬೇಕಾದ್ದು ಇಷ್ಟು. ಸಿ ವಿಟಮಿನ್, ಗ್ಲುಕೋಸಿನೊಲೇಟ್, ನೈಟ್ರೇಟ್, ಪೊಟ್ಯಾಸಿಯಂ, ಇವು ಬೇಯಿಸಿದ ನೀರಿಗೆ ಇಳಿಯುತ್ತವೆ. ಲ್ಯೂಟಿನ್, ಬೀಟಾ ಕ್ಯಾರೊಟಿನ್, ಕೆ ವಿಟಮಿನ್ ನೀರಿಗೆ ಹೋಗುವುದಿಲ್ಲ, ಮೈಗೆ ಹತ್ತಬೇಕಾದರೆ ಜೊತೆಗೆ ಎಣ್ಣೆಯೋ ಕಾಯಿಯೋ ಬೇಕು. ಖಾರ ಹುಟ್ಟಿಸುವ ಕಿಣ್ವ ಬಿಸಿಗೆ ಸಾಯುತ್ತದೆ.

ಹೆಜ್ಜೆ 5: ಸಾಸಿವೆ ಬಳಗಕ್ಕೆ ಬಸ್ಸಾರು

ನೀರಿಗೆ ಇಳಿಯುವ ಅಂಶ ನಷ್ಟ ಆಗಬಾರದು ಅಂದರೆ ಆ ನೀರನ್ನು ಚೆಲ್ಲಬಾರದು. ಸೊಪ್ಪು ಬೇಯಿಸಿ, ನೀರು ಬಸಿದು, ಆ ನೀರನ್ನೇ ಸಾರು ಮಾಡುವ ಅಡುಗೆ ನಮ್ಮ ಮನೆಮನೆಯಲ್ಲಿ ಇದೆ. ಜೊತೆಗೆ ಕಾಯಿ ಅರೆದು ಹಾಕುತ್ತೇವೆ, ಒಗ್ಗರಣೆಗೆ ಎಣ್ಣೆ ಇದೆ, ಅಲ್ಲಿಗೆ ಎಣ್ಣೆ ಬೇಡುವ ಅಂಶಗಳ ಲೆಕ್ಕವೂ ಚುಕ್ತಾ.

ನಾಲ್ಕು ಜನಕ್ಕೆ ಎರಡು ಕಟ್ಟು ಮೂಲಂಗಿಯ ಸೊಪ್ಪು ಸಾಕು. ನವಿಲುಕೋಸಿನ ಎಲೆಯೂ ಸೇರಿಸಬಹುದು. ಮುಕ್ಕಾಲು ಲೋಟ ತೊಗರಿಬೇಳೆಯನ್ನು ಐದು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗಿಹೋಗುತ್ತದೆ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕುವಂತಿರಬೇಕು, ಆದರೆ ಕಾಳು ಕಾಳಾಗಿ ಕಾಣಬೇಕು. ಆಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ. ಮುಚ್ಚಳ ಮುಚ್ಚದೆ ಐದಾರು ನಿಮಿಷ. ಮುಚ್ಚಿದರೆ ಎಲೆಯಿಂದ ಬರುವ ಹುಳಿ ಅಂಶ ಆವಿಯಲ್ಲಿ ಹೋಗದೆ ಅಲ್ಲೇ ಉಳಿದು ಹಸಿರು ಬಣ್ಣ ಕಂದಾಗುತ್ತದೆ. ಹಸಿರು ಉಳಿಯಲಿ ಅಂತ ಸೋಡಾ ಚಿಟಿಕೆ ಹಾಕುವವರಿದ್ದಾರೆ, ಬೇಡ. ಬಣ್ಣ ಉಳಿಯುತ್ತದೆ, ಸಿ ಮತ್ತು ಬಿ1 ವಿಟಮಿನ್ ಹಾಳಾಗುತ್ತದೆ. ಸೋಡಾ ತೊಳೆಯೋದಕ್ಕೆ ಮಾತ್ರ.

ಈಗ ಬಸಿಯಿರಿ. ಬಸಿದ ನೀರು, ಅಂದರೆ ಕಟ್ಟು, ಒಂದು ಪಾತ್ರೆಗೆ, ಸೊಪ್ಪು ಬೇಳೆ ಇನ್ನೊಂದಕ್ಕೆ. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಕಾಲು ಹೋಳು ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ಗೋಲಿ ಗಾತ್ರದ ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪು ಬೇಳೆಯಲ್ಲಿ ಒಂದು ಹಿಡಿ ಹಾಕಿ ನುಣ್ಣಗೆ ಅರೆಯಿರಿ. ಆ ಒಂದು ಹಿಡಿ ಮರೆತರೆ ಸಾರು ನೀರುನೀರಾಗುತ್ತದೆ. ಕಟ್ಟಿಗೆ ಬೆರೆಸಿ ಎರಡು ಕುದಿ ಬರಿಸಿ. ಉಳಿದ ಸೊಪ್ಪು ಬೇಳೆಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಮುದ್ದೆ ಬಿಸಿ ಇರಲಿ.

ಹೂಕೋಸಿನ ಎಲೆಯಲ್ಲಿ ಮಾಡುವುದಾದರೆ ನಡುವಿನ ದಪ್ಪ ನರ ಬೇರೆ ಮಾಡಿ ಸಣ್ಣಗೆ ಹೆಚ್ಚಿ ಬೇಳೆ ಜೊತೆಗೇ ಹಾಕಿ, ಎಲೆ ಆಮೇಲೆ. ಈ ಬಳಗದ ಎಲೆಗಳಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದನ್ನು ಕಟ್ಟಿಹಾಕುವ ಆಕ್ಸಲೇಟ್ ಪಾಲಕ್‌ನಲ್ಲಿ ಇದ್ದಷ್ಟು ಇಲ್ಲ. ಹಾಗಾಗಿ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ.

ಹೆಜ್ಜೆ 6: ಖಾರ ಉಳಿಸಬೇಕಾ? ಸಾಸಿವೆ ಮಾಡಿ

ಬಸ್ಸಾರಿನಲ್ಲಿ ಒಂದು ಕೊರತೆ ಇದೆ. ಕುದಿಯಲ್ಲಿ ಕಿಣ್ವ ಸಾಯುತ್ತದೆ, ಹಾಗಾಗಿ ಖಾರದ ವಸ್ತು ಪೂರ್ತಿ ಹುಟ್ಟುವುದಿಲ್ಲ. ನಮ್ಮ ಕರುಳಿನ ಬ್ಯಾಕ್ಟೀರಿಯಾ ಸ್ವಲ್ಪ ಮಟ್ಟಿಗೆ ಆ ಕೆಲಸ ಮಾಡುತ್ತವೆ, ಆದರೆ ಕಡಿಮೆ. ಹೆಚ್ಚಿದ ಎಲೆಯನ್ನು ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಬೇಯಿಸಿದರೆ, ಬಿಸಿ ತಾಗುವ ಮುಂಚೆಯೇ ಕಿಣ್ವ ಒಂದಿಷ್ಟು ಕೆಲಸ ಮುಗಿಸಿರುತ್ತದೆ. ಅಷ್ಟು ಹೊತ್ತಿಗೆ ಸಿ ವಿಟಮಿನ್ ಸ್ವಲ್ಪ ಹೋಗುತ್ತದೆ, ಅದು ಬೇರೆ ಮಾತು.

ಇನ್ನೂ ಸುಲಭದ ದಾರಿ ಹೊರಗಿನಿಂದ ಕಿಣ್ವ ತರೋದು. ಅದು ಎಲ್ಲಿದೆ? ಹಸಿ ಸಾಸಿವೆಯಲ್ಲಿ. 2018ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 200 ಗ್ರಾಂ ಬೇಯಿಸಿದ ಬ್ರೊಕೊಲಿಗೆ 1 ಗ್ರಾಂ ಸಾಸಿವೆ ಪುಡಿ ಬೆರೆಸಿ ಜನರಿಗೆ ತಿನ್ನಿಸಿದರು. ಸಾಸಿವೆ ಇಲ್ಲದ್ದಕ್ಕಿಂತ 4 ಪಟ್ಟಿಗೂ ಜಾಸ್ತಿ ಸಲ್ಫೊರಾಫೇನ್ ಮೈಗೆ ಸೇರಿತ್ತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕಡೆ ಮಾಡುವ ಸಾಸಿವೆ. ಹಸಿ ಸಾಸಿವೆ ಕಾಯಿ ಜೊತೆ ಅರೆದು, ಆರಿದ ತರಕಾರಿಗೆ ಕಲಸಿ, ಮೊಸರು ಹಾಕುತ್ತೇವಲ್ಲ, ಅದೇ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಈ ಶಕ್ತಿ ಇಲ್ಲ, ಅದರ ಕಿಣ್ವ ಎಣ್ಣೆಯಲ್ಲೇ ಸತ್ತಿರುತ್ತದೆ.

ನವಿಲುಕೋಸಿನ ಎಳೆ ಎಲೆ ಎರಡು ಹಿಡಿ ಸಣ್ಣಗೆ ಹೆಚ್ಚಿ, ಇಡ್ಲಿ ಪಾತ್ರೆಯಲ್ಲಿ ಮೂರು ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಲಿ, ಬೆರಳಿಗೆ ಬಿಸಿ ಗೊತ್ತಾಗಬಾರದು. ಒಂದು ಸಣ್ಣ ಚಮಚ ಹಸಿ ಸಾಸಿವೆ, ಅರ್ಧ ಬಟ್ಟಲು ಕಾಯಿತುರಿ, ಎರಡು ಹಸಿಮೆಣಸಿನಕಾಯಿ ತಣ್ಣೀರಿನಲ್ಲಿ ಅರೆದು ಕಲಸಿ. ಉಪ್ಪು, ಅರ್ಧ ಲೋಟ ಗಟ್ಟಿ ಮೊಸರು. ಹತ್ತು ನಿಮಿಷ ಬಿಟ್ಟು ಬಾಯಿಗಿಟ್ಟರೆ ಮೂಗು ತೆರೆದುಕೊಳ್ಳುತ್ತದೆ. ಸಾಸಿವೆ ಜಾಸ್ತಿ ಹಾಕಬೇಡಿ, ಕಹಿಯಾಗುತ್ತದೆ. ಒಂದು ಸಲ ಎರಡು ಚಮಚ ಹಾಕಿ ಇಡೀ ಬಟ್ಟಲು ನಾನೇ ತಿನ್ನಬೇಕಾಯಿತು.

ಹೆಜ್ಜೆ 7: ಬೀಟ್‌ರೂಟ್ ಎಲೆಗೆ ಬೇರೆ ಲೆಕ್ಕ

ಇಲ್ಲಿ ನೀರು ಚೆಲ್ಲೋದೇ ಸರಿ ಇರಬಹುದು! ಪಾಲಕ್ ಬಳಗದ ತಕರಾರು ಅಂದೆನಲ್ಲ, ಅದು ಆಕ್ಸಲೇಟ್. ಕಿಡ್ನಿಯಲ್ಲಿ ಕಲ್ಲು ಆದವರಿಗೆ ಇದು ಒಳ್ಳೆಯದಲ್ಲ. ಆಕ್ಸಲೇಟ್‌ನ ಒಂದು ಪಾಲು ನೀರಿಗೆ ಇಳಿಯುತ್ತದೆ. ಹಾಗಾಗಿ ಬೀಟ್‌ರೂಟ್ ಎಲೆಯನ್ನು ಬಸ್ಸಾರಿಗೆ ನಾನು ಹಾಕುವುದಿಲ್ಲ. ಜಾಸ್ತಿ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಬಸಿದು, ಆಮೇಲೆ ಪಲ್ಯ ಮಾಡುತ್ತೇನೆ. ನೀರಿನ ಜೊತೆ ಒಳ್ಳೆಯದೂ ಸ್ವಲ್ಪ ಹೋಗುತ್ತದೆ, ಹೋಗಲಿ. ಲ್ಯೂಟಿನ್, ಕೆ ವಿಟಮಿನ್ ಹೇಗೂ ಎಲೆಯಲ್ಲೇ ಉಳಿಯುತ್ತವೆ. ಊಟದಲ್ಲಿ ಮೊಸರು ಇರಲಿ, ಅದರ ಕ್ಯಾಲ್ಸಿಯಂ ಉಳಿದ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಕಳಿಸುತ್ತದೆ.

ದಂಟನ್ನು ಬಿಸಾಡಬೇಡಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಬೆಳ್ಳುಳ್ಳಿ ಆದ ಮೇಲೆ ಮೊದಲು ದಂಟು ನಾಲ್ಕು ನಿಮಿಷ, ಆಮೇಲೆ ಎಲೆ ಎರಡು ನಿಮಿಷ, ಕೊನೆಗೆ ಕಾಯಿ, ನಿಂಬೆರಸ. ಅಕ್ಕಿ ರೊಟ್ಟಿಗೆ ಇದರಷ್ಟು ಚೆಂದ ಇನ್ನೊಂದಿಲ್ಲ. ಕೈ, ಚಾಕು, ಮಣೆ ಎಲ್ಲ ಕೆಂಪಾಗುತ್ತದೆ. ಕೆಲವರಿಗೆ ಮರುದಿನ ಮೂತ್ರವೂ ನಸುಗೆಂಪು ಇರಬಹುದು. ಅದು ಬೀಟಾಲೇನ್, ರಕ್ತ ಅಲ್ಲ, ಗಾಬರಿ ಬೇಡ. ಬೀಟ್‌ರೂಟ್ ತಿನ್ನದೇ ಕೆಂಪಾದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಬೀಟ್‌ರೂಟಿನ ನೈಟ್ರೇಟ್ ರಕ್ತದೊತ್ತಡ ಇಳಿಸುತ್ತದೆ ಅಂತ ಕೇಳಿರುತ್ತೀರಿ. 2008ರಲ್ಲಿ ಲಂಡನ್ನಿನಲ್ಲಿ ಆದ ಅಧ್ಯಯನದಲ್ಲಿ ಅದು ಕಂಡಿತ್ತು, ನಿಜ. ಆದರೆ ಅದು ಅರ್ಧ ಲೀಟರ್ ಗೆಡ್ಡೆಯ ರಸ ಕುಡಿದವರಲ್ಲಿ. ಎಲೆಯಲ್ಲೂ ನೈಟ್ರೇಟ್ ಇದೆ, ಹಾಗಂತ ಪಲ್ಯ ತಿಂದು ಬಿಪಿ ಮಾತ್ರೆ ನಿಲ್ಲಿಸಬೇಡಿ. ನೈಟ್ರೇಟ್ ಇರುವ ಸೊಪ್ಪಿನ ಅಡುಗೆಯನ್ನು ಹೊರಗೆ ರಾತ್ರಿಯೆಲ್ಲ ಬಿಟ್ಟು ಮರುದಿನ ತಿನ್ನಲೂಬಾರದು. ಬ್ಯಾಕ್ಟೀರಿಯಾ ಅದನ್ನು ಮೈಗೆ ಒಳ್ಳೆಯದಲ್ಲದ ನೈಟ್ರೈಟ್ ಮಾಡುತ್ತವೆ. ಉಳಿದರೆ ಬೇಗ ಫ್ರಿಜ್ಜಿಗೆ.

ಕ್ಯಾರೆಟ್ ಎಲೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ದಪ್ಪ ಕಡ್ಡಿ ತೆಗೆದು, ಎಳೆ ಎಲೆ ಮಾತ್ರ ಸಣ್ಣಗೆ ಕೊಚ್ಚಿ ಅಕ್ಕಿ ರೊಟ್ಟಿ ಹಿಟ್ಟಿಗೆ ಕೊತ್ತಂಬರಿ ಥರ ಹಾಕಿ. ಪಲ್ಯ ಮಾಡಿದರೆ ಮಕ್ಕಳು ತಟ್ಟೆ ತಳ್ಳುತ್ತಾರೆ, ನಮ್ಮನೆಯಲ್ಲಿ ತಳ್ಳಿದ್ದಾರೆ.

ಹೆಜ್ಜೆ 8: ಊಟದ ಸುತ್ತಮುತ್ತ, ಮುಖ್ಯವಾಗಿ ಕಾಫಿ

ಎಲೆಯಲ್ಲಿ ಕಬ್ಬಿಣ ಇದೆ, ಆದರೆ ಸೊಪ್ಪಿನ ಕಬ್ಬಿಣ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ನಿಂಬೆರಸದ ಸಿ ವಿಟಮಿನ್ ಅದಕ್ಕೆ ಸಹಾಯ ಮಾಡುತ್ತದೆ, ಕಾಫಿ ಅಡ್ಡ ಬರುತ್ತದೆ. ಹಾಸನ ಚಿಕ್ಕಮಗಳೂರಿನವರಿಗೆ ಇದನ್ನು ಹೇಗೆ ಹೇಳೋದು ಅಂತ ಗೊತ್ತಾಗುವುದಿಲ್ಲ, ನಾವು ತೋಟದ ಕಾಫಿ ಪುಡಿ ತರಿಸಿಕೊಂಡು ಊಟ ಆದ ತಕ್ಷಣ ಲೋಟ ಹಿಡಿಯುವ ಜನ. ಆದರೂ ಹೇಳುತ್ತೇನೆ. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೊಳ್ಳೋದು 39 ಶೇಕಡಾ ಕಡಿಮೆಯಾಗಿತ್ತು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಅಷ್ಟೇ ಅಡ್ಡಿ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ಏನೂ ತೊಂದರೆ ಇರಲಿಲ್ಲ. ಅಲ್ಲಿಗೆ ಲೆಕ್ಕ ಸಿಕ್ಕಿತಲ್ಲ? ಕಾಫಿ ಬಿಡಬೇಡಿ, ಊಟಕ್ಕೆ ಒಂದು ಗಂಟೆ ಮುಂಚೆ ಕುಡಿಯಿರಿ. ರಕ್ತ ಕಡಿಮೆ ಇದೆ ಅಂತ ಡಾಕ್ಟರು ಹೇಳಿದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಇನ್ನು ಹುಷಾರಾಗಿರಬೇಕಾದವರು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಈ ಸೊಪ್ಪುಗಳನ್ನು ದಿಢೀರ್ ಅಂತ ಜಾಸ್ತಿ ಮಾಡಬಾರದು, ದಿಢೀರ್ ಅಂತ ಬಿಡಲೂಬಾರದು. ಕೆ ವಿಟಮಿನ್ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಲೆಕ್ಕ ಇದೆ, ಬಸ್ಸಾರಿನ ಕಟ್ಟಿನಲ್ಲಿ ಅದೆಲ್ಲ ಇಳಿದಿರುತ್ತದೆ, ಡಾಕ್ಟರನ್ನು ಕೇಳದೆ ಬೇಡ. ಥೈರಾಯ್ಡ್ ಇರುವವರು ಸಾಸಿವೆ ಬಳಗದ ಎಲೆಯನ್ನು ಹಸಿಯಾಗಿ ಅರೆದು ಲೋಟಗಟ್ಟಲೆ ಕುಡಿಯಬಾರದು. ಬೇಯಿಸಿ ಊಟಕ್ಕೆ ತಿನ್ನುವಷ್ಟು ತಿಂದರೆ ತೊಂದರೆ ಇಲ್ಲ, ಅಯೋಡಿನ್ ಉಪ್ಪು ಬಳಸುತ್ತಿದ್ದರೆ ಆಯಿತು.

ಹೆಜ್ಜೆ 9: ಜಾಸ್ತಿ ಸಿಕ್ಕಿದಾಗ ಒಣಗಿಸಿ

ಚಳಿಗಾಲದಲ್ಲಿ ಮೂಲಂಗಿ ಸೊಪ್ಪು ರಾಶಿ ರಾಶಿ ಸಿಗುತ್ತದೆ. ಸುಮ್ನೆ ಕೇಳಿದರೂ ಕೊಡುತ್ತಾರೆ. ತೊಳೆದು, ನೀರು ಪೂರ್ತಿ ಆರಿಸಿ, ದಂಟು ತೆಗೆದು, ಎಲೆಯನ್ನು ಬಿಳಿ ಪಂಚೆ ಮೇಲೆ ನೆರಳಿನಲ್ಲಿ ಹರಡಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಬೀಟಾ ಕ್ಯಾರೊಟಿನ್ ಬಿಸಿಲಿಗೆ ಹಾಳಾಗುತ್ತದೆ. ಗಾಳಿ ಆಡುವ ಕಡೆ ಮೂರು ನಾಲ್ಕು ದಿನ ಬೇಕು. ಒಣಗಿಸಿದ್ದರಲ್ಲಿ ಸಿ ವಿಟಮಿನ್ ಹೆಚ್ಚುಕಮ್ಮಿ ಹೋಗಿರುತ್ತದೆ, ಕ್ಯಾಲ್ಸಿಯಂ, ಕಬ್ಬಿಣ ಉಳಿಯುತ್ತದೆ. ಮಳೆಗಾಲದಲ್ಲಿ ಈ ಸಾಹಸ ಬೇಡ. ಮೂಡಿಗೆರೆ, ಸಕಲೇಶಪುರ ಕಡೆಯವರು ಜುಲೈನಲ್ಲಿ ಬಟ್ಟೆಯನ್ನೇ ಒಣಗಿಸಲಾರರು, ಸೊಪ್ಪೆಲ್ಲಿ.

ಕೈಯಲ್ಲಿ ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾಗಬೇಕು. ಮೆತ್ತಗೆ ಬಾಗಿದರೆ ಇನ್ನೊಂದು ದಿನ ಬಿಡಿ, ಇಲ್ಲದಿದ್ದರೆ ಡಬ್ಬಿಯಲ್ಲಿ ಬೂಸ್ಟು ಬರುತ್ತದೆ. ಮಿಕ್ಸಿಗೆ ಹಾಕಿ ಪುಡಿ ಮಾಡಿ, ಬೆಳಕು ಬೀಳದ ಡಬ್ಬಿಯಲ್ಲಿ ತುಂಬಿ, ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ. ಹುರಿಗಡಲೆ ಚಟ್ನಿಪುಡಿಗೆ ಎರಡು ಚಮಚ, ರೊಟ್ಟಿ ಹಿಟ್ಟಿಗೆ ಒಂದು ಚಮಚ. ಮೂರು ತಿಂಗಳಲ್ಲಿ ಮುಗಿಸಿ. ಮುಚ್ಚಳ ತೆಗೆದಾಗ ಸೊಪ್ಪಿನ ವಾಸನೆ ಬದಲು ಒಣಹುಲ್ಲಿನ ವಾಸನೆ ಬಂದರೆ ಗಿಡದ ಬುಡಕ್ಕೆ ಸುರಿದುಬಿಡಿ.